ಕೋವಿಡ್ ಕಾಲದಲ್ಲಿ ಕೋವಿಡ್ ಇಲ್ಲದ ರೋಗಿಗಳು

ಕೊರೊನಾ ಮಹಾಮಾರಿಯ ಹಾನಿಯನ್ನು ಸಾಮಾನ್ಯವಾಗಿ ಸೋಂಕಿತರ ಮತ್ತು ಮೃತಪಟ್ಟವರ ಸಂಖ್ಯೆಯಿಂದ ಅಳೆಯಲಾಗುತ್ತದೆ. ಆ ಲೆಕ್ಕಕ್ಕೆ ಸೇರದ ರೋಗಿಗಳೂ ಇದ್ದರು. ಭಾರತದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ನೋಂದಣಿಯಾಗಿದ್ದರು; 2020ರಲ್ಲಿ ಈ ಸಂಖ್ಯೆ ಸುಮಾರು 18 ಲಕ್ಷಕ್ಕೆ ಇಳಿಯಿತು. ಕಡಿಮೆಯಾದದ್ದು ರೋಗವಲ್ಲ, ರೋಗಪತ್ತೆ. ಕಫ ಪರೀಕ್ಷೆಯ ಯಂತ್ರಗಳು ಮತ್ತು ಸಿಬ್ಬಂದಿ ಕೋವಿಡ್ ಕೆಲಸಕ್ಕೆ ಹೋದರು. ಕೆಮ್ಮಿದ್ದವರಲ್ಲಿ ಎಷ್ಟೋ ಮಂದಿ ಕ್ವಾರಂಟೈನ್‌ಗೆ ಹೆದರಿ ಮನೆಯಲ್ಲೇ ಉಳಿದರು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಆರಂಭವಾದ ಮೇಲೆ ಹೊರರೋಗಿ ವಿಭಾಗಗಳು ಬಹುಮಟ್ಟಿಗೆ ಮುಚ್ಚಿದವು, ತುರ್ತಲ್ಲದ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್ ಚಿಕಿತ್ಸೆಗೆಂದೇ ಮೀಸಲಿಟ್ಟಾಗ, ಅದನ್ನೇ ನಂಬಿದ್ದ ಬಡ ರೋಗಿಗಳು ಬೇರೆ ಬಾಗಿಲು ಹುಡುಕಬೇಕಾಯಿತು. ಹೆಚ್ಚು ಕಷ್ಟಪಟ್ಟವರು ಮೂತ್ರಪಿಂಡ ವೈಫಲ್ಯದ ರೋಗಿಗಳು. ಅವರಿಗೆ ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಆಗಲೇಬೇಕು. ಒಂದೆರಡು ಸರದಿ ತಪ್ಪಿದರೂ ನೀರು ಮತ್ತು ಪೊಟ್ಯಾಸಿಯಂ ದೇಹದಲ್ಲಿ ಸೇರಿ ಪ್ರಾಣಕ್ಕೆ ಅಪಾಯ. ಆದರೂ ಕೋವಿಡ್ ವರದಿ ಬರಲಿ ಎಂದು ಅವರನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗಗಳು ದೇಶದ ಹಲವೆಡೆ ನಡೆದವು.

ಎರಡನೇ ಅಲೆಯಲ್ಲಿ ಕೊರತೆ ಆಮ್ಲಜನಕದ್ದು. 2021ರ ಮೇ 2 ಮತ್ತು 3ರಂದು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟದ್ದನ್ನು ರಾಜ್ಯ ಮರೆತಿಲ್ಲ.

ಆರೋಗ್ಯ ಸಿಬ್ಬಂದಿಯ ಕಷ್ಟ ಬೇರೆಯದೇ. ಪಿಪಿಇ ಕಿಟ್ ಧರಿಸಿದ ದಾದಿಯರು ಗಂಟೆಗಟ್ಟಲೆ ನೀರು ಕುಡಿಯುವಂತಿರಲಿಲ್ಲ, ಶೌಚಾಲಯಕ್ಕೂ ಹೋಗುವಂತಿರಲಿಲ್ಲ. ಅವರಿಗೆ ಚಪ್ಪಾಳೆ ತಟ್ಟಿದ ದಿನಗಳಲ್ಲೇ ಕೆಲವೆಡೆ ಮನೆಮಾಲೀಕರು ವೈದ್ಯರನ್ನು ಬಾಡಿಗೆ ಮನೆಯಿಂದ ಹೊರಹಾಕಿದರು. ಹಲ್ಲೆಗಳು ಹೆಚ್ಚಿದಾಗ ಕೇಂದ್ರ ಸರ್ಕಾರ 2020ರ ಏಪ್ರಿಲ್ 22ರಂದು ಸುಗ್ರೀವಾಜ್ಞೆ ತಂದು, ತೀವ್ರ ಗಾಯವಾದರೆ 7 ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸಲು ಅವಕಾಶ ಕಲ್ಪಿಸಿತು. ಮನೆಮನೆ ಸಮೀಕ್ಷೆಗೆ ಓಡಾಡಿದ ರಾಜ್ಯದ ಆಶಾ ಕಾರ್ಯಕರ್ತೆಯರು ಅದೇ ಜುಲೈನಲ್ಲಿ ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ಕೆಲಸ ನಿಲ್ಲಿಸಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿತು. ಗೌರವ ಬಂದದ್ದು ಒಳ್ಳೆಯದೇ, ಆದರೆ ಅವರು ಬೀದಿಗಿಳಿದದ್ದು ಸಂಬಳಕ್ಕಾಗಿ.

ಜೈನ ಕುಟುಂಬಗಳು ಗಮನಿಸಬೇಕಾದ ವಿಷಯ ಇನ್ನೊಂದಿದೆ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವ ಹಿರಿಯರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಅನೇಕರು. ಉಪವಾಸದ ದಿನ ಎಂದಿನಂತೆ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ತಾವಾಗಿಯೇ ಔಷಧ ನಿಲ್ಲಿಸಿದರೂ ತೊಂದರೆ. ಪ್ರಮಾಣ ಬದಲಿಸಬೇಕಾದವರು ವೈದ್ಯರು. ಆಸ್ಪತ್ರೆಗೆ ಹೋಗಲಾಗದ ಕಾಲಕ್ಕೆಂದೇ 2020ರಲ್ಲಿ ಟೆಲಿಮೆಡಿಸಿನ್ ನಿಯಮಗಳು ಬಂದವು. ಸರ್ಕಾರದ ಇ-ಸಂಜೀವಿನಿ ಸೇವೆಯಲ್ಲಿ ಮನೆಯಿಂದಲೇ ಉಚಿತವಾಗಿ ವೈದ್ಯರ ಸಲಹೆ ಪಡೆಯಬಹುದು. ಹಿರಿಯರು ಸೇವಿಸುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ ಬರೆದ ಚೀಟಿ ಕೈಯಲ್ಲಿದ್ದರೆ ಆ ಸಮಾಲೋಚನೆ ಸುಲಭ.

ತ್ಯಾಗಿಗಳ ವಿಷಯದಲ್ಲಿ ಇದೂ ಸಾಲದು. ದಿಗಂಬರ ಮುನಿಗಳು ವಾಹನ ಏರುವುದಿಲ್ಲ, ದಿನಕ್ಕೊಮ್ಮೆ ಮಾತ್ರ ಆಹಾರ ಮತ್ತು ನೀರು ಸ್ವೀಕರಿಸುತ್ತಾರೆ. ಹೀಗಾಗಿ ವೈದ್ಯರೇ ಅವರಿದ್ದಲ್ಲಿಗೆ ಬರಬೇಕು, ಔಷಧವನ್ನೂ ಆಹಾರದ ವೇಳೆಯಲ್ಲೇ ಕೊಡಬೇಕು. ಸೋಂಕು ಹರಡುವಾಗ ಬರುವ ವೈದ್ಯರಿಂದ, ಆಹಾರದಾನಕ್ಕೆ ಸೇರುವ ಶ್ರಾವಕರಿಂದಲೇ ಮುನಿಸಂಘಕ್ಕೆ ರೋಗ ತಗುಲಬಹುದು. ಮುನಿಗಳು ಯಾವ ಮನೆಯ ಮುಂದೆ ನಿಲ್ಲುವರೆಂದು ಮೊದಲೇ ಗೊತ್ತುಪಡಿಸುವಂತಿಲ್ಲ. ಆದರೆ ಪ್ರತಿ ಮನೆಯಲ್ಲಿ ಆಹಾರ ಕೊಡುವವರ ಸಂಖ್ಯೆಯನ್ನು ಎರಡು ಮೂರಕ್ಕೆ ಇಳಿಸಬಹುದು, ಜ್ವರ ಕೆಮ್ಮು ಇದ್ದವರು ಆ ದಿನ ದೂರ ಉಳಿಯಬಹುದು. ಸಂಘ ಊರು ತಲುಪುವ ಮುನ್ನವೇ ಒಬ್ಬ ವೈದ್ಯರನ್ನು ಮಾತನಾಡಿಸಿಟ್ಟುಕೊಳ್ಳುವುದು ಬಸದಿ ಸಮಿತಿಯ ಕೆಲಸ. ವೈಯಾವೃತ್ಯದಲ್ಲಿ ಅದೂ ಸೇರುತ್ತದೆ.