ಒಪ್ಪತ್ತು, ನಿಟ್ಟುಪವಾಸ ಮತ್ತು 1600 ಮೀಟರ್

ಪೊಲೀಸ್ ಕಾನ್‌ಸ್ಟೆಬಲ್ ಆಗಲು ಹೊರಟ ಹುಡುಗ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಹುಡುಗಿ 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಅಗ್ನಿವೀರ ಭರ್ತಿಯಲ್ಲಿ ಓಟಕ್ಕೆ ಪೂರ್ತಿ ಅಂಕ ಬೇಕೆಂದರೆ ಅದೇ 1600 ಮೀಟರಿಗೆ ಐದೂವರೆ ನಿಮಿಷವಷ್ಟೇ ಸಿಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಬೆಳಗಿನ ಜಾವ ಕಾಲೇಜು ಮೈದಾನಕ್ಕೋ ನಾಲೆ ಏರಿಗೋ ಹೋದರೆ ಈ ಲೆಕ್ಕ ಹಿಡಿದು ಓಡುವವರು ಸಿಗುತ್ತಾರೆ. ಅವರ ಮನೆಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಉಪವಾಸ ನಡೆದೇ ಇರುತ್ತದೆ. ಶ್ರಾವಣದ ಶನಿವಾರದ ಒಪ್ಪತ್ತು, ಶಿವರಾತ್ರಿ, ಏಕಾದಶಿ, ರಂಜಾನಿನ ರೋಜಾ, ಅಯ್ಯಪ್ಪನ ಮಾಲೆಯ ವ್ರತ. ಇವುಗಳ ಜೊತೆಗೆ ಈಚೆಗೆ ಮೊಬೈಲಿನಿಂದ ಇಳಿದು ಬಂದದ್ದು ಇನ್ನೊಂದಿದೆ: ಮೂರು ದಿನವೋ ಐದು ದಿನವೋ ಬರೀ ನೀರು ಕುಡಿದು ಇರುವುದು. ಬೊಜ್ಜು ಕರಗುತ್ತದೆ, ಮೈ ಹಗುರಾಗಿ ಓಟ ಜೋರಾಗುತ್ತದೆ ಎಂಬ ನಂಬಿಕೆ.

ಮೊದಲು ಕ್ಯಾಲರಿಯ ಲೆಕ್ಕ ನೋಡೋಣ. ಅರವತ್ತು ಕೆ.ಜಿ. ತೂಕದ ಹುಡುಗ 1600 ಮೀಟರ್ ಓಡಿದರೆ ಖರ್ಚಾಗುವುದು ಹೆಚ್ಚುಕಡಿಮೆ 100 ಕಿಲೋಕ್ಯಾಲರಿ. ನೂರು ಗ್ರಾಂ ಹಿಟ್ಟಿನ ಒಂದು ರಾಗಿಮುದ್ದೆಯಲ್ಲಿ 320ರ ಸುಮಾರಿನಷ್ಟಿದೆ. ಅಂದರೆ ಇಡೀ ಓಟಕ್ಕೆ ಮುದ್ದೆಯ ಮೂರನೇ ಒಂದು ಪಾಲು ಸಾಕು. ತೆಳ್ಳಗಿರುವ ಹುಡುಗನ ಮೈಯಲ್ಲೂ ಏಳೆಂಟು ಕೆ.ಜಿ. ಕೊಬ್ಬು ಇರುತ್ತದೆ, ಅದರಲ್ಲಿ ಅರವತ್ತು ಸಾವಿರ ಕಿಲೋಕ್ಯಾಲರಿ. ಹಾಗಿದ್ದರೂ ಹಸಿದವನು ನಾಲ್ಕನೇ ಸುತ್ತಿನಲ್ಲಿ ಏಕೆ ಸೋಲುತ್ತಾನೆ?

ಕೊಬ್ಬು ಉರಿಯುವುದು ನಿಧಾನ, ಅದೇ ಕಾರಣ. ನಡಿಗೆಗೆ, ಹೊಲದ ಕೆಲಸಕ್ಕೆ, ಮೆಲ್ಲಗಿನ ಓಟಕ್ಕೆ ಬೇಕಾದಷ್ಟು ಶಕ್ತಿಯನ್ನು ಅದು ಸಲೀಸಾಗಿ ಕೊಡುತ್ತದೆ. ಏದುಸಿರು ಬರುವ ವೇಗಕ್ಕೆ ಬೇಕಾದ ಶಕ್ತಿ ನಿಮಿಷ ನಿಮಿಷಕ್ಕೂ ಬರಬೇಕು. ಅದನ್ನು ಕೊಡುವುದು ಸ್ನಾಯುವಿನೊಳಗೆ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಉಪವಾಸವಿದ್ದೇ ಹತ್ತುವ ಅಜ್ಜಿ ಅಲ್ಲಲ್ಲಿ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೇಲೆ ತಲುಪಿಯೇ ತಲುಪುತ್ತಾರೆ. ಅವರ ವೇಗಕ್ಕೆ ಕೊಬ್ಬು ಸಾಕು. ಅದೇ ದಿನ ಅವರ ಮೊಮ್ಮಗ ಗಡಿಯಾರ ಹಿಡಿದು ಓಡಿದರೆ ಐದಾರು ಸೆಕೆಂಡಿನಿಂದ ಗುರಿ ತಪ್ಪಬಹುದು. ಭರ್ತಿಯಲ್ಲಿ ಅಷ್ಟು ಸೆಕೆಂಡಿಗೇ ಹೆಸರು ಹೋಗುತ್ತದೆ.

ಉಪವಾಸದಲ್ಲಿ ಮೊದಲು ಬರಿದಾಗುವುದು ಯಕೃತ್ತು. ಅಲ್ಲಿರುವ ಗ್ಲೈಕೋಜನ್ ಸುಮಾರು 80ರಿಂದ 100 ಗ್ರಾಂ. ಮಿದುಳೊಂದೇ ದಿನಕ್ಕೆ 120 ಗ್ರಾಂ ಗ್ಲೂಕೋಸ್ ಬಳಸುತ್ತದೆ. ಹಾಗಾಗಿ ರಾತ್ರಿ ಎಂಟಕ್ಕೆ ಉಂಡವನ ಯಕೃತ್ತು ಮಾರನೆಯ ಸಂಜೆಯ ಹೊತ್ತಿಗೆ ಹೆಚ್ಚುಕಡಿಮೆ ಖಾಲಿ. ಸ್ನಾಯುಗಳಲ್ಲಿ 300ರಿಂದ 400 ಗ್ರಾಂ ಇರುತ್ತದೆ. ಆದರೆ ಸ್ನಾಯು ತನ್ನ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟುಕೊಡಲಾರದು, ತಾನೇ ಉರಿಸಬೇಕು. ಒಂದು ದಿನದ ಉಪವಾಸಕ್ಕೆ ಕಾಲು ಸೋಲದಿರುವುದು ಇದರಿಂದಲೇ. ಆದರೆ ಹಿಂದಿನ ದಿನ ಕಸರತ್ತು ಮಾಡಿ ಕಾಲಿನ ಗ್ಲೈಕೋಜನ್ ಕರಗಿಸಿ, ಅದು ತುಂಬಿಕೊಳ್ಳಲು ಊಟ ಕೊಡದೆ ಉಪವಾಸ ಹಿಡಿದವನ ಪಾಡು ಬೇರೆ. ಎರಡನೇ ದಿನದಿಂದ ಕೊಬ್ಬಿನಿಂದ ಕೀಟೋನ್ ಎಂಬ ಆಮ್ಲಗಳು ಹೆಚ್ಚುತ್ತವೆ. ಮಿದುಳಿಗೆ ಅವು ಒಳ್ಳೆಯ ಆಹಾರ. ಆದರೆ ರಕ್ತದಲ್ಲಿ ಆಮ್ಲವನ್ನು ತಡೆಯುವ ಬೈಕಾರ್ಬನೇಟು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಜೋರು ಓಟದಲ್ಲಿ ಹುಟ್ಟುವ ಆಮ್ಲವನ್ನು ತಾಳುವ ಶಕ್ತಿ ತಗ್ಗುತ್ತದೆ. ಕೊನೆಯ ಇನ್ನೂರು ಮೀಟರಿನಲ್ಲಿ ತೊಡೆ ಕಲ್ಲಾಗುವುದು ಇಂಥ ದಿನ ಬೇಗ ಬರುತ್ತದೆ.

ತಕ್ಕಡಿಯ ಮೇಲೆ ಕಾಣುವ ಸಂತೋಷದ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಮೂರು ಗ್ರಾಂ ನೀರು ಕೂಡಿಕೊಂಡಿರುತ್ತದೆ. ಗ್ಲೈಕೋಜನ್ ಕರಗಿದರೆ ಆ ನೀರೂ ಹೋಯಿತು. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಉಪ್ಪನ್ನೂ ಹೊರಗೆ ಬಿಡುತ್ತದೆ, ಉಪ್ಪಿನ ಹಿಂದೆಯೇ ಇನ್ನಷ್ಟು ನೀರು. ಮೂರು ದಿನದಲ್ಲಿ ಮೂರು ಕೆ.ಜಿ. ಇಳಿದೆ ಎನ್ನುವವನು ಇಳಿಸಿದ್ದರಲ್ಲಿ ಬಹುಪಾಲು ನೀರು, ಉಂಡ ಮೇಲೆ ಅದು ವಾಪಸ್ಸು ಬರುತ್ತದೆ. ಉಪವಾಸದಲ್ಲಿ ಎದ್ದು ನಿಂತೊಡನೆ ಕಣ್ಣು ಕತ್ತಲೆಯಾಗುವುದಕ್ಕೂ ಈ ಉಪ್ಪು ನೀರಿನ ನಷ್ಟವೇ ಮುಖ್ಯ ಕಾರಣ.

ಶ್ರಾವಣದ ಒಪ್ಪತ್ತು ನನಗೆ ಅಷ್ಟು ಚಿಂತೆ ತರುವುದಿಲ್ಲ. ಚಿಂತೆ ತರುವುದು ಆ ತಿಂಗಳ ರಾತ್ರಿಗಳು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆ ಅದು ಹೊಗೆಸೊಪ್ಪು ಹದ ಮಾಡುವ ಕಾಲ. ಸೊಪ್ಪು ಹದ ಮಾಡುವ ಬ್ಯಾರನ್ ತುಂಬಿದ ಮೇಲೆ ಐದಾರು ದಿನ ಬೆಂಕಿ ಆರುವಂತಿಲ್ಲ, ಜೋರಾಗುವಂತೆಯೂ ಇಲ್ಲ. ಹಂತ ಹಂತವಾಗಿ ಶಾಖ ಏರಿಸಿ ಕೊನೆಗೆ ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ಹತ್ತಿರ ತರಬೇಕು. ಮನೆಯ ಹುಡುಗನೇ ಒಲೆಗೆ ಸೌದೆ ತಳ್ಳಿ, ಗೋಡೆಯ ಕಿಂಡಿಗೆ ಟಾರ್ಚು ಹಿಡಿದು ಒಳಗೆ ತೂಗುವ ಥರ್ಮಾಮೀಟರ್ ನೋಡಿ, ಪಕ್ಕದಲ್ಲಿ ಹಾಸಿದ ಗೋಣಿಚೀಲದ ಮೇಲೆ ಅರೆಗಣ್ಣು ಮುಚ್ಚಿ, ಮತ್ತೆ ಏಳಬೇಕು. ಒಲೆಯ ಮುಂದೆ ಬೆವರಿದ್ದು ಎಷ್ಟೆಂದು ಯಾರೂ ಅಳೆಯುವುದಿಲ್ಲ. ಐದಕ್ಕೆ ಮೈದಾನಕ್ಕೆ ಹೋಗಿ ಓಟ ಬರಲಿಲ್ಲವೆಂದರೆ ಅವನು ದೂರುವುದು ಶನಿವಾರದ ಉಪವಾಸವನ್ನು. ಬೆವರಿನಿಂದ ಮೈತೂಕದ ನೂರಕ್ಕೆ ಎರಡರಷ್ಟು, ಅರವತ್ತು ಕೆ.ಜಿ.ಯವನಲ್ಲಿ ಒಂದೂಕಾಲು ಲೀಟರಿನಷ್ಟು, ನೀರು ಹೋದರೂ ಸಾಕು, ಓಟ ಕುಂದುತ್ತದೆ. ನಿದ್ದೆಗೆಟ್ಟರೆ ಓಟ ಇರುವುದಕ್ಕಿಂತ ಕಷ್ಟವೆನಿಸುತ್ತದೆ. ಒಪ್ಪತ್ತಿನವರು ಮಜ್ಜಿಗೆ, ಪಾನಕ, ಹಣ್ಣು ಬಿಡುವುದಿಲ್ಲ, ಅದು ಅವರನ್ನು ಕಾಯುತ್ತದೆ.

ರೋಜಾದಲ್ಲಿ ಹಗಲೆಲ್ಲ ನೀರೂ ಇಲ್ಲ. ನಮ್ಮ ಕಡೆ ಬೆಳಗಿನ ಜಾವದ ಸಹ್ರಿಯಿಂದ ಸಂಜೆಯ ಇಫ್ತಾರಿನವರೆಗೆ ಸುಮಾರು 13ರಿಂದ 14 ಗಂಟೆ. ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ರಂಜಾನ್ ಯಾವ ತಿಂಗಳಿಗೆ ಬಂದರೂ ಹೆಚ್ಚು ವ್ಯತ್ಯಾಸವಿಲ್ಲ. ಉತ್ತರ ಯುರೋಪಿನ ಬೇಸಿಗೆಯಲ್ಲಿ ಇದು ಹದಿನೆಂಟು ಗಂಟೆ ದಾಟುತ್ತದೆ. 2012ರ ಲಂಡನ್ ಒಲಿಂಪಿಕ್ಸ್ ರಂಜಾನ್ ತಿಂಗಳಲ್ಲೇ ನಡೆದಿದ್ದರಿಂದ ಕ್ರೀಡಾಪಟುಗಳ ರೋಜಾದ ಬಗ್ಗೆ ಆಗ ಬಹಳ ಚರ್ಚೆಯಾಯಿತು. ಇದುವರೆಗಿನ ಅಧ್ಯಯನಗಳ ಒಟ್ಟು ಸಾರ ಇಷ್ಟು: ರಾತ್ರಿ ಸಾಕಷ್ಟು ಉಂಡು, ಕುಡಿದು, ನಿದ್ದೆ ಉಳಿಸಿಕೊಂಡವರಲ್ಲಿ ನಷ್ಟ ಚಿಕ್ಕದು, ಸಂಜೆ ಹೊತ್ತಿನ ಜೋರು ಓಟದಲ್ಲಿ ಕಾಣುವಂಥದ್ದು. ಹುಣಸೂರಿನ ಹುಡುಗನಿಗೆ ಇದರ ಅರ್ಥ, ಮಧ್ಯಾಹ್ನದ ಬಿಸಿಲಿನಲ್ಲಿ ಓಡಬಾರದು, ಮೆಲ್ಲಗಿನ ಓಟವನ್ನು ಇಫ್ತಾರಿಗೆ ಅರ್ಧ ಗಂಟೆ ಮುಂಚೆ ಇಟ್ಟುಕೊಂಡು ಕೂಡಲೇ ನೀರು ಕುಡಿಯಬೇಕು, ಗಡಿಯಾರ ಹಿಡಿದ ಓಟವನ್ನು ರಾತ್ರಿಯ ತರಾವೀಹ್ ನಮಾಜು ಮುಗಿದ ಮೇಲಕ್ಕೆ ತಳ್ಳಬೇಕು.

ಉಪವಾಸ ಮತ್ತು ಕಸರತ್ತು ಒಂದೇ ವ್ರತದಲ್ಲಿ ಕೂಡಿರುವುದನ್ನು ನೋಡಲು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಜನರನ್ನು ಕೇಳಬೇಕು. 1960ರ ದಶಕದ ಆರಂಭದಲ್ಲಿ ಇಲ್ಲಿ ನೆಲೆನಿಂತ ಟಿಬೆಟನ್ನರ ಪರಂಪರೆಯಲ್ಲಿ ನ್ಯುಂಗ್ನೆ ಎಂಬುದಿದೆ. ಮೊದಲ ದಿನ ಒಂದೇ ಊಟ, ಎರಡನೇ ದಿನ ಅನ್ನವೂ ಇಲ್ಲ, ನೀರೂ ಇಲ್ಲ, ಮಾತೂ ಇಲ್ಲ. ಜೊತೆಗೆ ನೆಲಕ್ಕೆ ಪೂರ್ತಿ ಮೈಚಾಚಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಏಳುವುದು, ಬಾಗುವುದು, ಕೈಯೂರಿ ಮಲಗುವುದು, ಮತ್ತೆ ಏಳುವುದು, ಗರಡಿಯ ಬಸ್ಕಿ ಮತ್ತು ದಂಡೆ ಕೂಡಿದಂಥ ಶ್ರಮವೇ. ವಯಸ್ಸಾದವರೂ ಇದನ್ನು ಮಾಡಿ ಮುಗಿಸುತ್ತಾರೆ. ಇಲ್ಲಿ ಗಡಿಯಾರವಿಲ್ಲ, ಮೂರನೇ ದಿನ ಬೆಳಿಗ್ಗೆ ವ್ರತ ಮುಗಿಯುತ್ತದೆ. ನಮ್ಮ ಹಿರಿಯರ ವ್ರತಗಳೂ ಬಹುತೇಕ ಹೀಗೆಯೇ, ಒಂದೂವರೆ ದಿನದೊಳಗೆ ಪಾರಣೆ ಆಗಿಬಿಡುತ್ತದೆ.

ಅದನ್ನು ದಾಟಿದ ನಿಟ್ಟುಪವಾಸದಲ್ಲಿ ಸ್ನಾಯುವೇ ಕರಗತೊಡಗುತ್ತದೆ. ಮೊದಲ ದಿನಗಳಲ್ಲಿ ದಿನಕ್ಕೆ ಸುಮಾರು 75 ಗ್ರಾಂ ಪ್ರೋಟೀನು ಗ್ಲೂಕೋಸಾಗಲು ಒಡೆಯುತ್ತದೆ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರೇ ಆದ್ದರಿಂದ ಅದು 300 ಗ್ರಾಂ ಮಾಂಸಖಂಡಕ್ಕೆ ಸಮ. ವಾರಗಳು ಕಳೆದಂತೆ ಮಿದುಳು ಕೀಟೋನಿಗೆ ಒಗ್ಗಿ ಈ ನಷ್ಟ ದಿನಕ್ಕೆ 20 ಗ್ರಾಂವರೆಗೆ ಇಳಿಯುತ್ತದೆ. ಅಷ್ಟರೊಳಗೆ ತಿಂಗಳುಗಟ್ಟಲೆ ಕಟ್ಟಿದ ತೊಡೆ ಸಣ್ಣಗಾಗಿರುತ್ತದೆ. ಬೊಜ್ಜಿರುವವರ ಸ್ನಾಯು ಹೆಚ್ಚು ಉಳಿಯುತ್ತದೆ, ತೆಳ್ಳಗಿನವರದ್ದು ಹೆಚ್ಚು ಕರಗುತ್ತದೆ. ಓಡುವ ಹುಡುಗರು ತೆಳ್ಳಗಿನವರೇ. 1912ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಫ್ರಾನ್ಸಿಸ್ ಬೆನೆಡಿಕ್ಟ್ ಎಂಬ ವಿಜ್ಞಾನಿಯ ಕಣ್ಗಾವಲಿನಲ್ಲಿ ಒಬ್ಬಾತ 31 ದಿನ ನೀರಿನ ಮೇಲಿದ್ದು ಸುಮಾರು 13 ಕೆ.ಜಿ. ಇಳಿದ. 1965–66ರಲ್ಲಿ ಸ್ಕಾಟ್ಲೆಂಡಿನ ಆ್ಯಂಗಸ್ ಬಾರ್ಬಿಯೇರಿ ವೈದ್ಯರ ಉಸ್ತುವಾರಿಯಲ್ಲಿ 382 ದಿನ ಕಳೆದ, ಆದರೆ ಶುರುವಿನಲ್ಲಿ ಅವನ ತೂಕ 200 ಕೆ.ಜಿ. ದಾಟಿತ್ತು. ಮೊಬೈಲಿನ ಗುರುಗಳು ಅವನ ಹೆಸರು ಹೇಳುತ್ತಾರೆ, ತೂಕ ಹೇಳುವುದಿಲ್ಲ. ಉಪವಾಸದಲ್ಲಿ ಜೀವಕೋಶ ತನ್ನ ಕಸ ತಾನೇ ತೊಳೆಯುತ್ತದೆ ಎನ್ನುವವರು 2016ರ ನೊಬೆಲ್ ಪಡೆದ ಯೊಶಿನೋರಿ ಒಸುಮಿಯವರನ್ನೂ ಎಳೆದು ತರುತ್ತಾರೆ. ಅವರು ಆ ಕೆಲಸ ಮಾಡಿದ್ದು ಯೀಸ್ಟಿನ ಮೇಲೆ. ಅದರಿಂದ 1600 ಮೀಟರಿನ ಸಮಯ ಇಳಿಯುತ್ತದೆಂದು ಅವರು ಎಲ್ಲೂ ಹೇಳಿಲ್ಲ.

ಪೂರ್ತಿ ಬಿಡದೆ ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಕಸರತ್ತು ಮಾಡಿದರೆ? 1944–45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ವಿಜ್ಞಾನಿ ಆ್ಯನ್ಸೆಲ್ ಕೀಸ್ 36 ಯುವಕರ ಮೇಲೆ ಇದನ್ನೇ ಪರೀಕ್ಷಿಸಿದರು. 24 ವಾರ ಅರ್ಧ ಊಟ, ವಾರಕ್ಕೆ 35 ಕಿ.ಮೀ. ನಡಿಗೆ. ತೂಕದ ಕಾಲುಭಾಗ ಹೋಯಿತು, ದಮ್ಮು ಅದಕ್ಕಿಂತ ಹೆಚ್ಚು ಹೋಯಿತು, ಸಿಡುಕು, ಚಳಿ, ಊಟದ ಕನಸು ಬಂದವು. ಮತ್ತೆ ಉಣ್ಣತೊಡಗಿ ಮೂರು ತಿಂಗಳಾದರೂ ಮೊದಲಿನ ದಮ್ಮು ಪೂರ್ತಿ ಮರಳಲಿಲ್ಲ. ಹುಡುಗಿಯರಲ್ಲಿ ಈ ಅರೆಹೊಟ್ಟೆ ಮುಟ್ಟು ನಿಲ್ಲಿಸುತ್ತದೆ, ಮೂಳೆ ಸವೆಸುತ್ತದೆ. ಓಡುವ ಹುಡುಗಿಗೆ ಮುಟ್ಟು ಮೂರು ತಿಂಗಳು ತಪ್ಪಿದರೆ ಹೆಚ್ಚು ಉಣ್ಣಬೇಕು, ವೈದ್ಯರನ್ನೂ ಕಾಣಬೇಕು.

ಇನ್ನು ಗರಡಿ. ಮೈಸೂರು ದಸರೆಯ ನಾಡಕುಸ್ತಿ ನಡೆಯುವ ಕ್ರೀಡಾಂಗಣಕ್ಕೆ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ದೇವರಾಜ ಅರಸರ ಹೆಸರಿದೆ. ಈ ತಾಲ್ಲೂಕುಗಳ ಪೈಲ್ವಾನರಿಗೆ ಆ ಮಟ್ಟಿಯ ಮೇಲೆ ಇಳಿಯುವ ಆಸೆ. ಹಳೆಯ ಗರಡಿಯಲ್ಲಿ ಜೋಡಿ ಕಟ್ಟುವಾಗ ಮೈಕಟ್ಟು, ಹೆಸರು ನೋಡುತ್ತಿದ್ದರು. ಉಸ್ತಾದರು ಹಾಲು, ಬಾದಾಮಿ, ತುಪ್ಪ ತಿನ್ನಿಸುತ್ತಿದ್ದರು, ಉಪವಾಸ ಮಾಡಿಸುತ್ತಿರಲಿಲ್ಲ. ತೂಕದ ವಿಭಾಗವಿರುವ ಮ್ಯಾಟ್ ಕುಸ್ತಿ ಬಂದಮೇಲೆ ಹಸಿವು, ಬೆವರು, ಬಾಯಾರಿಕೆ ಆಟದೊಳಗೆ ಬಂದವು. 1997ರ ಕೊನೆಯ ಎರಡು ತಿಂಗಳಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಸತ್ತರು, ಅಲ್ಲಿನ ನಿಯಮಗಳೇ ಬದಲಾದವು. 2024ರ ಆಗಸ್ಟ್ 7ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಗಿ ಫೈನಲಿನಿಂದ ಹೊರಬಿದ್ದದ್ದು ನಮ್ಮ ಹಳ್ಳಿಯ ಟೀ ಅಂಗಡಿಗಳಿಗೂ ಗೊತ್ತು. ಮಣ್ಣಿನ ಮಟ್ಟಿಯಿಂದ ಮ್ಯಾಟಿಗೆ ಹೋಗುವ ಹುಡುಗನಿಗೆ ನನ್ನ ಮಾತು: ಒಂದು ವಿಭಾಗ ಮೇಲೆ ಆಡು.

ಉಪವಾಸ ಬಿಡುವ ಹೊತ್ತೇ ಅತಿ ಅಪಾಯದ್ದು. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದವರು ಒಮ್ಮೆಲೇ ಹೊಟ್ಟೆತುಂಬ ಅನ್ನ, ಸಿಹಿ ತಿಂದರೆ ಇನ್ಸುಲಿನ್ ಏರಿ ರಕ್ತದ ಫಾಸ್ಫೇಟು, ಪೊಟ್ಯಾಸಿಯಂ ಜೀವಕೋಶದೊಳಗೆ ನುಗ್ಗುತ್ತವೆ. ಹೃದಯದ ಬಡಿತವೇ ಕೆಡಬಹುದು. ಅಂಥವರಿಗೆ ಊಟ ಶುರುಮಾಡಿಸುವುದು ಆಸ್ಪತ್ರೆಯ ಕೆಲಸ. ಒಂದು ದಿನದ ಉಪವಾಸಕ್ಕೆ ಈ ಭಯವಿಲ್ಲ: ಮೊದಲು ಉಪ್ಪು ಹಾಕಿದ ಮಜ್ಜಿಗೆ, ಒಂದು ಬಾಳೆಹಣ್ಣು, ಗಂಟೆ ಬಿಟ್ಟು ಮುದ್ದೆ, ಹುರುಳಿಕಾಳಿನ ಸಾರು ಅಥವಾ ಮೊಟ್ಟೆ. ಶಿವರಾತ್ರಿಯ ಜಾಗರಣೆ ಮಾಡಿದವರು ಮಾರನೇ ದಿನ ಮಲಗಿ, ಅದರ ಮಾರನೇ ದಿನ ಮೈದಾನಕ್ಕೆ ಬರಲಿ. ಭರ್ತಿಯ ದಿನಾಂಕ ಗೊತ್ತಾಗಿದ್ದರೆ ಅದರ ಹಿಂದಿನ ಮೂರು ದಿನ ಯಾವ ಉಪವಾಸವೂ ಬೇಡ. ಮನೆಯಲ್ಲಿ ಅಜ್ಜಿ ಒಪ್ಪದಿದ್ದರೆ, ನಿನ್ನ ಬದಲಿಗೆ ಆ ಶನಿವಾರ ನಾನೇ ಒಪ್ಪತ್ತು ಇರುತ್ತೇನೆ ಎಂದು ಹೇಳುವ ಅಜ್ಜಿಯರು ಈ ಕಡೆ ಇನ್ನೂ ಇದ್ದಾರೆ, ಕೇಳಿ ನೋಡಬಹುದು.