ನೆಲದೊಳಗಿನ ಇಡುಗಂಟು

ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡಿತು. ಅದು ತುಂಬಿ ಕೋಡಿ ಹರಿದದ್ದು 1933ರಲ್ಲಿ. ಮತ್ತೊಮ್ಮೆ ಕೋಡಿ ಬಿದ್ದದ್ದು 2022ರಲ್ಲಿ. ಅದಕ್ಕೂ ಭದ್ರೆಯಿಂದ ಹರಿಸಿದ ನೀರಿನ ನೆರವಿತ್ತು. ನಡುವಣ 89 ವರ್ಷಗಳೇ ಈ ಸೀಮೆಯ ಮಳೆಯ ಸ್ವಭಾವವನ್ನು ಸಾರುತ್ತವೆ. ಇಂಥಲ್ಲಿ ತೋಟ ಮಾಡಿದವನು ಮುಗಿಲಿಗಿಂತ ಹೆಚ್ಚಾಗಿ ನೆಲದೊಳಗಿನ ನೀರನ್ನೇ ನಂಬಿದ್ದಾನೆ.

ಆ ನೀರಿನ ಬೆಲೆಯೆಷ್ಟು? ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯದಲ್ಲಿ ವಿದ್ಯುತ್ತು ಉಚಿತವಾದುದರಿಂದ ನೀರೂ ಪುಕ್ಕಟೆಯೆಂದೇ ತೋರುತ್ತದೆ. ಅದರ ನಿಜವಾದ ಬೆಲೆ ತಿಳಿಯುವುದು ಬರಗಾಲದಲ್ಲಿ. ಮಳೆ ಕೈಕೊಟ್ಟರೆ ರಾಗಿ ಬಿತ್ತಿದವನು ಒಂದು ವರ್ಷದ ಬೆಳೆಯನ್ನು ಕಳೆದುಕೊಳ್ಳುತ್ತಾನೆ. ಮರುವರ್ಷ ಮತ್ತೆ ಬಿತ್ತಬಲ್ಲನು. ತೆಂಗಿನ ಮಾತು ಬೇರೆ. ಫಲಕ್ಕೆ ಬರಲು ಆರೇಳು ವರ್ಷ ಕಾದು, ಹತ್ತಾರು ವರ್ಷ ಕಾಯಿ ಕೊಡಬೇಕಾದ ಮರವು ಒಣಗಿದರೆ ನಷ್ಟವಾಗುವುದು ಬೆಳೆಯಲ್ಲ, ಬಂಡವಾಳವೇ. ಕಳೆದ ದಶಕದ ಬರದಲ್ಲಿ ಹಿರಿಯೂರು, ಹೊಸದುರ್ಗಗಳ ಎಷ್ಟೋ ತೋಟಗಳು ಹೀಗೆಯೇ ಒಣಗಿದವು. ಸುಭಿಕ್ಷದ ವರ್ಷದಲ್ಲಿ ಅಂತರ್ಜಲವು ಆದಾಯವನ್ನು ಹೆಚ್ಚಿಸುತ್ತದೆ. ದುರ್ಭಿಕ್ಷದಲ್ಲಿ ಆಸ್ತಿಯನ್ನೇ ಉಳಿಸುತ್ತದೆ. ಮನೆಯೊಡತಿ ಕಾಯಿಲೆ ಕಸಾಲೆಗೆಂದು ತೆಗೆದಿಟ್ಟ ಹಣದಂತೆ ಅದರ ಬೆಲೆ.

ಜಮೆ ಮಾಡುವ ಬಗೆಯೂ ಉಂಟು. ಒಂದು ಎಕರೆಯ ಮೇಲೆ ಒಂದಂಗುಲ ಮಳೆ ಸುರಿದರೆ ಲಕ್ಷ ಲೀಟರಿಗೂ ಮಿಕ್ಕಿ ನೀರಾಗುತ್ತದೆ. ಅದರಲ್ಲಿ ಬಹುಭಾಗ ಹರಿದು, ಆವಿಯಾಗಿ ಹೋಗುತ್ತದೆ; ಒಳಗಿಳಿಯುವುದು ಸ್ವಲ್ಪವೇ. ಬದು, ಕೃಷಿಹೊಂಡ, ಹೂಳೆತ್ತಿದ ಕೆರೆಗಳು ಆ ಸ್ವಲ್ಪವನ್ನು ಹೆಚ್ಚಿಸುತ್ತವೆ. ಕೆರೆಯ ನೀರನ್ನು ಬಿಸಿಲು ಕುಡಿಯುತ್ತದೆ. ಆಳಕ್ಕಿಳಿದ ನೀರನ್ನು ಅದು ಮುಟ್ಟಲಾರದು. ಆದರೆ ಇಲ್ಲಿನ ಗಟ್ಟಿಬಂಡೆಯ ಬಿರುಕುಗಳಲ್ಲಿ ನೀರಿಗಿರುವ ಎಡೆ ಕಿರಿದು: ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ.

ತೊಡಕಿರುವುದು ಬೇರೆಡೆ. ಈ ಖಾತೆ ಒಂದೇ, ಹಣ ತೆಗೆಯುವವರು ಮಾತ್ರ ನೂರಾರು ಮಂದಿ. ಒಬ್ಬನು ಉಳಿಸಿದ ನೀರನ್ನು ನೆರೆಯವನ ಕೊಳವೆಬಾವಿ ಎಳೆದೀತು. ಆ ಭಯದಿಂದಲೇ ಎಲ್ಲರೂ ಇನ್ನಷ್ಟು ಆಳಕ್ಕೆ ಕೊರೆಯುತ್ತಾರೆ. ನೀರು ಸಿಗದ ಬಾವಿಗೂ ಸಾಲ ತಪ್ಪುವುದಿಲ್ಲ. 2019ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಟಲ್ ಭೂಜಲ ಯೋಜನೆಯು ಚಿತ್ರದುರ್ಗ ಜಿಲ್ಲೆಯಲ್ಲಿಯೂ, ಊರಿನವರೇ ಕೂಡಿ ನೀರಿನ ಆಯವ್ಯಯ ಲೆಕ್ಕ ಹಾಕುವ ಪದ್ಧತಿಯನ್ನು ತಂದದ್ದು ಇದಕ್ಕಾಗಿಯೇ.

ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು. ಕೋಡಿ ಬಿದ್ದ ವರ್ಷ ಹೊಸ ತೋಟಕ್ಕೆ ಗುಂಡಿ ತೋಡುವ ಮುನ್ನ ರೈತನು ನೆನೆಯಬೇಕಾದುದು ಆ ವರ್ಷದ ಮಳೆಯನ್ನಲ್ಲ, ಮುಂದಿನ ಬರವನ್ನು.