ಹೊದಿಕೆಯೊಳಗಿನ ಲೋಹವನ್ನು ತೇವವು ಕೆಡಿಸುವ ಬಗೆ

ಉಪ್ಪಿನಕಾಯಿಯನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ತುಂಬಿಡಬಾರದೆಂಬುದು ಮನೆವಾರ್ತೆ ನಡೆಯಿಸುವ ತಾಯಂದಿರೆಲ್ಲರೂ ಬಲ್ಲ ಮಾತು. ಇಟ್ಟರೆ ಪಾತ್ರೆಯ ಒಳಮೈಯಲ್ಲಿ ಸಣ್ಣ ಕುಳಿಗಳು ಬಿದ್ದು ಬಿಳಿಯ ಪುಡಿ ಕಾಣಿಸಿಕೊಳ್ಳುವುದು. ರೇಡಿಯೋ, ದೂರವಾಣಿ, ಕಿವಿ ಮಂದವಾದವರು ಧರಿಸುವ ಶ್ರವಣಯಂತ್ರ ಇವುಗಳೊಳಗೆ ಸರ್ಕ್ಯೂಟು ಎಂದು ಕರೆಯಲ್ಪಡುವ ವಿದ್ಯುನ್ಮಂಡಲಗಳಿಗೂ ಇದೇ ಕೇಡು ಸಂಭವಿಸುವುದುಂಟು. ಮೇಲೆ ರಾಳದ ಹೊದಿಕೆಯಿದ್ದರೂ ಹೀಗಾಗುವುದೇಕೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

1959ರಲ್ಲಿ ಅಮೆರಿಕಾ ದೇಶದ ರಾಬರ್ಟ್ ನಾಯ್ಸ್ ಎಂಬವರು ಒಂದೇ ಸಿಲಿಕನ್ ತುಣುಕಿನಲ್ಲಿ ಮಂಡಲದ ಭಾಗಗಳನ್ನೆಲ್ಲ ರಚಿಸಿ, ಅವುಗಳನ್ನು ಅಲ್ಯೂಮಿನಿಯಂ ಗೆರೆಗಳಿಂದ ಜೋಡಿಸುವ ಕ್ರಮವನ್ನು ರೂಪಿಸಿದರು. ಇಂಥ ಗೆರೆಯ ದಪ್ಪವು ಸುಮಾರು ಒಂದು ಮೈಕ್ರಾನು ಮಾತ್ರ. ತಲೆಗೂದಲು ಅದಕ್ಕಿಂತ ಐವತ್ತು ಅರುವತ್ತು ಪಾಲು ದಪ್ಪ. ಕುಳಿ ಬಿದ್ದ ಪಾತ್ರೆಯನ್ನು ವರ್ಷಗಟ್ಟಲೆ ಬಳಸಬಹುದು. ಕುಳಿ ಬಿದ್ದ ಗೆರೆಯಾದರೋ ಅಲ್ಲಿಗೆ ತುಂಡಾಯಿತು. ಈಚಿನ ತುಣುಕುಗಳಲ್ಲಿ ಅಲ್ಯೂಮಿನಿಯಮ್ಮಿನ ಸ್ಥಾನಕ್ಕೆ ತಾಮ್ರವು ಬಂದಿದೆಯಾದರೂ ಹೊರತಂತಿಯನ್ನು ಬೆಸೆಯುವ ನೆಲೆಗಳು ಬಹುಮಟ್ಟಿಗೆ ಇನ್ನೂ ಅಲ್ಯೂಮಿನಿಯಮ್ಮಿನವೇ.

ಹೊದಿಕೆಯು ತೇವವನ್ನು ಪೂರ್ಣವಾಗಿ ತಡೆಯುವುದೆಂದು ನಂಬಬಾರದು. ಎಪಾಕ್ಸಿಯಾಗಲಿ ಸಿಲಿಕೋನಾಗಲಿ, ನೀರಾವಿಯು ಅದರ ಅಣುಗಳ ನಡುವೆ ನುಸುಳಿ ಕ್ರಮೇಣ ತಳವನ್ನು ಮುಟ್ಟಿಯೇ ಮುಟ್ಟುವುದು. ಆದರೆ ಆವಿ ಬಂದ ಮಾತ್ರಕ್ಕೆ ಕೇಡಿಲ್ಲ. ಹೊದಿಕೆಯು ಬಿಗಿಯಾಗಿ ಅಂಟಿಕೊಂಡಿರುವಲ್ಲಿ ನೀರು ಪದರವಾಗಿ ನಿಲ್ಲಲು ಎಡೆಯಿಲ್ಲ. ಅಂಟು ಬಿಟ್ಟ ಕಡೆ, ಇಲ್ಲವೇ ಕೈಬೆವರಿನ ಉಪ್ಪು ಅಡಿಯಲ್ಲುಳಿದ ಕಡೆ, ಆವಿಯು ನೀರಾಗಿ ಕೂಡುವುದು. ಸಿಲಿಕೋನು ಎಪಾಕ್ಸಿಗಿಂತ ಧಾರಾಳವಾಗಿ ಆವಿಯನ್ನು ಒಳಬಿಡುವುದಾದರೂ, ಚೆನ್ನಾಗಿ ಅಂಟಿದಲ್ಲಿ ಉತ್ತಮ ರಕ್ಷಕವೆನಿಸಿರುವುದು ಇದರಿಂದಲೇ.

ಅಲ್ಯೂಮಿನಿಯಂ ಗಾಳಿಗೆ ತಗುಲಿದೊಡನೆ ಆಮ್ಲಜನಕದೊಡನೆ ಕೂಡಿ ತನ್ನ ಮೇಲೆ ತಾನೇ ತೆಳುವಾದ ಪೊರೆಯನ್ನು ಹೊದೆದುಕೊಳ್ಳುವುದು. ಬಲವಾದ ಹುಳಿಯನ್ನೂ ಕ್ಷಾರವನ್ನೂ ಈ ಪೊರೆಯು ತಾಳಲಾರದು. ಉಪ್ಪಿನಲ್ಲಿರುವ ಕ್ಲೋರೈಡು ಅದನ್ನು ಅಲ್ಲಲ್ಲಿ ಭೇದಿಸಿ ಲೋಹವನ್ನು ಕರಗಿಸುವುದು. ಕರಗಿದ ಲೋಹವು ನೀರಿನೊಡನೆ ಕೂಡಿ ಬಿಳಿಯ ಹೈಡ್ರಾಕ್ಸೈಡಾಗಿ ಮಾರ್ಪಡುವಾಗ ಕ್ಲೋರೈಡು ಬಿಡುಗಡೆಹೊಂದಿ, ಮರಳಿ ಹೊಸ ಲೋಹವನ್ನು ತಿನ್ನತೊಡಗುವುದು. ದಣಿವರಿಯದ ಇಂಥ ಆಳು ಒಳ್ಳೆಯ ಕೆಲಸಕ್ಕೆ ನಮಗೆ ದೊರೆಯಬಾರದಾಗಿತ್ತೇ! ಹೀಗಾಗಿ ಎಳ್ಳಿನ ಮೊನೆಯಷ್ಟು ಉಪ್ಪೂ ಬೇಕಿಲ್ಲ. ಅದರ ಮೇಲೆ ವಿದ್ಯುತ್ತಿನ ಸಹಾಯ ಬೇರೆ. ಧನ ವಿದ್ಯುತ್ತಿನ ಗೆರೆಯು ಕ್ಲೋರೈಡನ್ನು ತನ್ನೆಡೆಗೆ ಸೆಳೆದುಕೊಂಡು ಕೆಡುವುದು; ಋಣ ವಿದ್ಯುತ್ತಿನ ಗೆರೆಯ ಬಳಿ ಕ್ಷಾರವುಂಟಾಗಿ ಅದೂ ಸವೆಯುವುದು. ಹುಟ್ಟಿದ ಬಿಳಿಯ ಪುಡಿಯು ಮೂಲ ಲೋಹಕ್ಕಿಂತ ಹೆಚ್ಚು ಎಡೆಯನ್ನು ಬೇಡುವುದರಿಂದ ಹೊದಿಕೆಯನ್ನು ಎತ್ತಿ, ತೇವಕ್ಕೆ ಇನ್ನೂ ದಾರಿ ಮಾಡಿಕೊಡುವುದು.

ರಾಳದ ಅಡಿಯಲ್ಲಿ ಗಾಜಿನ ಪದರವೊಂದನ್ನು ಇರಿಸಿ, ಅದು ಬಿರಿಯದಿರಲೆಂದು ರಂಜಕವನ್ನು ಬೆರೆಸುತ್ತಿದ್ದರು. ರಂಜಕವು ಮಿತಿಮೀರಿದಾಗ ತೇವದೊಡನೆ ಕೂಡಿ ಆಮ್ಲವಾಗಿ, ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಬಳಿಕ ಸಿಲಿಕನ್ ನೈಟ್ರೈಡಿನ ಪದರವು ಬಳಕೆಗೆ ಬಂದಿತು. ತಯಾರಾದ ತುಣುಕುಗಳನ್ನು 85 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ನೂರಕ್ಕೆ 85ರಷ್ಟು ತೇವವುಳ್ಳ ಗಾಳಿಯಲ್ಲಿ, ವಿದ್ಯುತ್ತು ಕೊಟ್ಟು 1000 ಗಂಟೆಗಳ ಕಾಲ ಪರೀಕ್ಷಿಸುವ ಪದ್ಧತಿಯಿದೆ.

ಈ ವಿಚಾರವು ಪ್ರಾಣಕ್ಕೂ ಸಂಬಂಧಿಸಿದುದು. 1958ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಮನುಷ್ಯನ ದೇಹದೊಳಗೆ ಮೊದಲಬಾರಿಗೆ ಇರಿಸಿದ, ಹೃದಯದ ಮಿಡಿತವನ್ನು ನಡೆಯಿಸುವ ಯಂತ್ರಕ್ಕೆ ಎಪಾಕ್ಸಿಯ ಹೊದಿಕೆಯಿದ್ದಿತು. ದೇಹದ ತೇವವು ಅಂಥ ಹೊದಿಕೆಯನ್ನು ದಾಟುವುದನ್ನು ಕಂಡು, 1970ರ ದಶಕದಲ್ಲಿ ಟೈಟೇನಿಯಂ ಲೋಹದ ಡಬ್ಬಿಯಲ್ಲಿರಿಸಿ ಅಂಚನ್ನು ಬೆಸೆಯತೊಡಗಿದರು. ಶ್ರವಣಯಂತ್ರವನ್ನು ಹಾಗೆ ಮುಚ್ಚಿಬಿಟ್ಟರೆ ಶಬ್ದವು ಒಳಹೋಗುವುದೆಂತು? ಆದುದರಿಂದ ಮನೆಯಲ್ಲಿ ಅದನ್ನು ಧರಿಸುವ ಹಿರಿಯರಿದ್ದರೆ, ರಾತ್ರಿ ಬೆವರನ್ನು ಒಣಬಟ್ಟೆಯಿಂದ ಒರಸಿ, ತೇವ ಹೀರುವ ಸಿಲಿಕಾ ಹರಳುಗಳುಳ್ಳ ಡಬ್ಬಿಯಲ್ಲಿ ಮುಚ್ಚಿಡತಕ್ಕದ್ದು.